ಆರು ವೋಲ್ಟಿನ ಲೆಕ್ಕ

ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಮಾತು ಬಂದರೆ ಹೊಗಳಿಕೆಯ ಬೆನ್ನಿಗೇ ಒಂದು ದೂರೂ ಬರುತ್ತದೆ. ಇಂಜಿನ್ ಗಟ್ಟಿ, ಚಾಸಿ ಗಟ್ಟಿ, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್ ಇಟ್ಟ ಜಾಣತನಕ್ಕೆ ಈಗಲೂ ತಲೆದೂಗುವವರಿದ್ದಾರೆ. ಹೆಡ್‌ಲೈಟ್ ಮಾತ್ರ ಮಿಣುಕು ದೀಪ, ವೈರಿಂಗ್ ಎಂದರೆ ತಲೆನೋವು ಎಂಬುದೂ ಅಷ್ಟೇ ಗಟ್ಟಿಯಾದ ಅಭಿಪ್ರಾಯ. ದೂರು ಸುಳ್ಳಲ್ಲ. ಆದರೆ ಅದರ ಜೊತೆಗೇ ಅಂಟಿಕೊಂಡು ಬರುವ ತೀರ್ಪು, ಅಂದರೆ ಬೈಕು ಮಾಡಿದವರು ಲೈಟಿನ ಕಡೆ ತಿರುಗಿಯೂ ನೋಡಲಿಲ್ಲ ಎಂಬ ಮಾತು, ಪರಿಶೀಲನೆಗೆ ನಿಲ್ಲುವಂಥದ್ದಲ್ಲ. ಆ ಕಾಲದ ಆರು ವೋಲ್ಟಿನ ವ್ಯವಸ್ಥೆಯನ್ನು ಬಿಡಿಸಿ ನೋಡಿದರೆ ಕಾಣುವುದು ಬಿಗಿಯಾದ ಒಂದು ಲೆಕ್ಕ. ಕಾರ್ಖಾನೆಯ ಗೇಟು ದಾಟುವ ದಿನ ಆ ಲೆಕ್ಕ ಸರಿಯಾಗಿಯೇ ಕೂಡಿರುತ್ತಿತ್ತು. ತಪ್ಪಿದರೆ ತುಂಬಿಕೊಳ್ಳಲು ಉಳಿಕೆ ಎಂಬುದು ಮಾತ್ರ ಇರಲಿಲ್ಲ. ಮಳೆ, ಧೂಳು, ತುಕ್ಕು, ಅರೆಬರೆ ರಿಪೇರಿ ಇವೆಲ್ಲ ಒಂದೊಂದು ಚೂರು ಕಿತ್ತುಕೊಂಡಂತೆ ಬೆಳಕು ಸೊರಗುತ್ತಾ ಹೋಯಿತು. ಹಾಗಾಗಿ ಹಳೆಯ ಬೈಕಿನ ಹೆಡ್‌ಲೈಟಿನ ಚರಿತ್ರೆಯನ್ನು ಕಾರ್ಖಾನೆಯಲ್ಲಿ ಹುಡುಕುವುದಕ್ಕಿಂತ ಬ್ಯಾಟರಿ ಅಂಗಡಿಯಲ್ಲೂ ಎಲೆಕ್ಟ್ರಿಷಿಯನ್ನನ ಬೆಂಚಿನ ಮೇಲೂ ಹುಡುಕುವುದು ಸರಿ ಎಂಬುದು ಈ ಬರಹದ ವಾದ.

ಮೊದಲು ಆರು ವೋಲ್ಟ್ ಎಲ್ಲಿಂದ ಬಂತೆಂದು ನೋಡಬೇಕು. ಮೋಟರ್‌ಸೈಕಲ್ಲಿನ ಮೊದಮೊದಲ ದೀಪಗಳಿಗೆ ವಿದ್ಯುತ್ತೇ ಇರಲಿಲ್ಲ. ಕಾರ್ಬೈಡ್ ತುಂಬಿದ ಡಬ್ಬಿಯ ಮೇಲೆ ನೀರು ತೊಟ್ಟಿಕ್ಕಿಸಿ, ಹೊಮ್ಮುವ ಅಸಿಟಲೀನ್ ಅನಿಲಕ್ಕೆ ಬೆಂಕಿ ಹಚ್ಚಿ ಸವಾರರು ಇರುಳು ದಾರಿ ಕಾಣುತ್ತಿದ್ದರು. ಇಂಜಿನ್ನಿಗೆ ಬೇಕಾದ ಕಿಡಿಯನ್ನು ಮ್ಯಾಗ್ನೆಟೋ ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಅದಕ್ಕೆ ಬ್ಯಾಟರಿಯ ಹಂಗಿರಲಿಲ್ಲ. 1914ರ ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಬೈಕುಗಳು ಈ ಮ್ಯಾಗ್ನೆಟೋಗಳಿಗಾಗಿ ಜರ್ಮನಿಯ ಬಾಷ್ ಕಂಪನಿಯನ್ನು ಬಹುಮಟ್ಟಿಗೆ ನೆಚ್ಚಿದ್ದವು. ಯುದ್ಧ ಆ ಸರಬರಾಜನ್ನು ಕಡಿದುಹಾಕಿದ ಮೇಲೆ ಬ್ರಿಟಿಷ್ ಕಾರ್ಖಾನೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾಯಿತು. ಮುಂದೆ ಬೈಕಿಗೂ ಡೈನಮೋ ಮತ್ತು ಬ್ಯಾಟರಿ ಬಂದಾಗ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿ ಮ್ಯಾಗ್ನೆಟೋ, ಡೈನಮೋ ಎರಡನ್ನೂ ಒಟ್ಟಿಗೆ ಕೂಡಿಸಿದ ‘ಮ್ಯಾಗ್‌ಡೈನೋ’ ತಯಾರಿಸಿತು. ಅದರಲ್ಲಿ ಲೈಟು ಕೆಟ್ಟರೂ ಇಂಜಿನ್ ಓಡುತ್ತಿತ್ತು, ಎರಡಕ್ಕೂ ಬೇರೆಬೇರೆ ಮೂಲವಿತ್ತು. ಬ್ಯಾಟರಿಯ ವಿಷಯದಲ್ಲಿ ಎಲ್ಲರೂ ಆರಿಸಿಕೊಂಡದ್ದು ಮೂರು ಸೆಲ್ಲಿನ, ಆರು ವೋಲ್ಟಿನ ಸೀಸ-ಆಮ್ಲದ ಡಬ್ಬಿಯನ್ನು. ಆರು ಸೆಲ್ಲಿನದಕ್ಕಿಂತ ಅದು ಸಣ್ಣದು, ಹಗುರ, ಅಗ್ಗ. ಇನ್ನೊಂದು ಕಾರಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಒಂದೇ ವ್ಯಾಟಿನ ಎರಡು ಬಲ್ಬುಗಳಲ್ಲಿ ಆರು ವೋಲ್ಟಿನದರ ತಂತಿ ದಪ್ಪ ಮತ್ತು ಗಿಡ್ಡ, ಹನ್ನೆರಡು ವೋಲ್ಟಿನದರ ತಂತಿ ತೆಳು ಮತ್ತು ಉದ್ದ. ಇಡೀ ದಿನ ಗಡಗಡ ನಡುಗುವ ವಾಹನದಲ್ಲಿ ದಪ್ಪ ತಂತಿ ಹೆಚ್ಚು ಕಾಲ ಬಾಳುತ್ತದೆ, ಗಿಡ್ಡ ತಂತಿಯ ಬೆಳಕನ್ನು ಕನ್ನಡಿ ಚೆನ್ನಾಗಿ ಒಟ್ಟುಗೂಡಿಸುತ್ತದೆ. ಆರು ವೋಲ್ಟಿನ ಆಯ್ಕೆಗೆ ಹೀಗೆ ಕಾರಣಗಳಿದ್ದವು. ಅಮೆರಿಕದ ಕಾರುಗಳು 1950ರ ದಶಕದ ನಡುವಿನಲ್ಲಿ ಹನ್ನೆರಡಕ್ಕೆ ಹೋದ ಮೇಲೂ ಜರ್ಮನಿಯ ಬೀಟಲ್ ಕಾರು 1960ರ ದಶಕದಲ್ಲಿ ಆರು ವೋಲ್ಟಿನಲ್ಲೇ ಓಡಾಡಿಕೊಂಡಿತ್ತು.

ಈ ಪರಂಪರೆಯ ಒಂದು ಕವಲು ಮೈಸೂರಿಗೆ ಬಂತು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್ ನಗರದಲ್ಲಿ ಆರಂಭಿಸಿದ ಜಾವಾ ಬೈಕುಗಳು ಭಾರತಕ್ಕೆ ಮೊದಲು ಆಮದಾಗುತ್ತಿದ್ದವು. ಆಮದಿನ ಬಾಗಿಲು ಮುಚ್ಚುತ್ತಾ ಬಂದಾಗ, 1960ರಲ್ಲಿ, ಫಾರೂಖ್ ಇರಾನಿಯವರು ಐಡಿಯಲ್ ಜಾವಾ ಕಂಪನಿ ಕಟ್ಟಿ, ಚೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತೆರೆದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಅಲ್ಲಿ ಜಾವಾ 250 ತಯಾರಾಯಿತು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಬೈಕಿನ ಡೈನಮೋ ಕೂತಿದ್ದದ್ದು ಇಂಜಿನ್ನಿನ ಬಲಬದಿಯ ಕವರಿನೊಳಗೆ, ಕ್ರ್ಯಾಂಕಿನ ತುದಿಯಲ್ಲೇ. ಬ್ರಿಟಿಷ್ ಬೈಕಿನ ಹಾಗೆ ಕಿಡಿಗೆ ಬೇರೆ ಮ್ಯಾಗ್ನೆಟೋ ಇರಲಿಲ್ಲ. ಪಾಯಿಂಟು, ಕಾಯಿಲು, ಹೆಡ್‌ಲೈಟು, ಹಾರ್ನು ಎಲ್ಲವೂ ಒಂದೇ ಡೈನಮೋ ಮತ್ತು ಒಂದೇ ಬ್ಯಾಟರಿಯ ಸಂಸಾರದಲ್ಲಿ ಬಾಳಬೇಕಿತ್ತು. ಇದರ ಪರಿಣಾಮ ದೊಡ್ಡದು. ಮ್ಯಾಗ್‌ಡೈನೋ ಬೈಕಿನಲ್ಲಿ ಲೈಟಿನ ದೋಷ ಲೈಟಿನಲ್ಲೇ ಮುಗಿಯುತ್ತಿತ್ತು; ಮೈಸೂರಿನ ಬೈಕಿನಲ್ಲಿ ರಾತ್ರಿ ಹೆಡ್‌ಲೈಟು ಮಂಕಾಯಿತೆಂದರೆ ತುಸು ಹೊತ್ತಿಗೆ ಇಂಜಿನ್ನೂ ಮುಗ್ಗರಿಸಬಹುದಿತ್ತು. ಹಾಗಾಗಿ ಲೈಟಿನ ದೂರು ಹೊತ್ತು ಬಂದವನ ಬೈಕಿನಲ್ಲಿ ಮೆಕ್ಯಾನಿಕ್ ಮೊದಲು ಬ್ಯಾಟರಿ ಮತ್ತು ಚಾರ್ಜಿಂಗ್ ನೋಡಬೇಕಾಗುತ್ತಿತ್ತು.

ಆ ಸಂಸಾರದ ಆದಾಯ-ಖರ್ಚನ್ನು ಬರೆದು ನೋಡಬಹುದು. 250 ಸಿಸಿ ಜಾವಾದ ಡೈನಮೋ 45 ವ್ಯಾಟ್ ದರ್ಜೆಯದು. ಆರು ವೋಲ್ಟಿಗೆ ಏಳೂವರೆ ಆಂಪಿಯರ್. ಹೆಡ್‌ಲೈಟಿಗೆ 25 ವ್ಯಾಟಿನ ಬಲ್ಬು, ಹಿಂದಿನ ದೀಪಕ್ಕೆ 5, ಕಾಯಿಲಿಗೆ ಸರಾಸರಿ 10 ವ್ಯಾಟ್ ಆಸುಪಾಸು ಎಂದು ಹಿಡಿದರೆ 40 ಆಯಿತು. ಬ್ಯಾಟರಿಗೆ ಹೋಗಲು ಐದು ಉಳಿಯಿತು. ಹಾರ್ನೂ ಬ್ರೇಕ್ ಲೈಟೂ ಅದರಿಂದಲೇ ಆಗಾಗ ಕಿತ್ತುಕೊಳ್ಳಬೇಕು. ಅದೇ ಜಾಗಕ್ಕೆ 35 ವ್ಯಾಟಿನ ಬಲ್ಬು ಹಾಕಿದರೆ ಒಟ್ಟು 50 ಆಗಿ, ಖರ್ಚು ಆದಾಯವನ್ನು ಮೀರುತ್ತದೆ. ಉಳಿದದ್ದನ್ನು ಬ್ಯಾಟರಿ ಕೈಯಿಂದ ಹಾಕಬೇಕು. ಇದೂ ಇಂಜಿನ್ ಒಳ್ಳೆಯ ವೇಗದಲ್ಲಿ ತಿರುಗುತ್ತಿದ್ದಾಗಿನ ಮಾತು. ಸಿಗ್ನಲ್ಲಿನಲ್ಲಿ ನಿಂತು ಐಡ್ಲಿಂಗಿನಲ್ಲಿದ್ದಾಗ ಡೈನಮೋದಿಂದ ಬರುವುದು ಹೆಚ್ಚುಕಡಿಮೆ ಸೊನ್ನೆ, ಇಡೀ ಹೊರೆ ಬ್ಯಾಟರಿಯ ಮೇಲೆ. ಊರೊಳಗೆ ನಿಂತು ನಿಂತು ಓಡಿಸುವ ಬೈಕಿನ ಬ್ಯಾಟರಿ ಹೆದ್ದಾರಿಯ ಬೈಕಿನದಕ್ಕಿಂತ ಬೇಗ ಇಳಿಯುತ್ತಿದ್ದುದಕ್ಕೆ ಇದೇ ಕಾರಣ. ಹೆಚ್ಚು ಬೆಳಕಿನ ಆಸೆಗೆ ದೊಡ್ಡ ಬಲ್ಬು ಹಾಕಿಸಿಕೊಂಡವನು ಮೊದಲ ರಾತ್ರಿ ಖುಷಿಪಟ್ಟು, ಕೆಲವು ವಾರದಲ್ಲಿ ಹಿಂದಿಗಿಂತ ಮಂಕಾದ ಬೆಳಕಿನೊಂದಿಗೆ ಅಂಗಡಿಗೆ ವಾಪಸು ಬರುವಂತೆ ಮಾಡುವುದೂ ಇದೇ ಲೆಕ್ಕ.

ಇನ್ನು ದಾರಿಯಲ್ಲಿ ಸೋರುವ ಪಾಲು. ಒಂದೇ ಶಕ್ತಿಯನ್ನು ಕಡಿಮೆ ವೋಲ್ಟಿನಲ್ಲಿ ಸಾಗಿಸಬೇಕಾದರೆ ಹೆಚ್ಚು ಕರೆಂಟು ಹರಿಯಬೇಕು, ಕರೆಂಟು ಹೆಚ್ಚಿದಷ್ಟೂ ತಂತಿಯಲ್ಲೂ ಜಾಯಿಂಟಿನಲ್ಲೂ ನಷ್ಟ ಹೆಚ್ಚು. ಮೈಸೂರು ಸೀಮೆಗೆ ಈ ಪಾಠ ಹೊಸದಾಗಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದು ಸಾವಿರಾರು ವೋಲ್ಟಿಗೆ ಏರಿಸಿಯೇ. ಬೈಕಿನಲ್ಲಿ ತಂತಿಯ ಉದ್ದ ಒಂದೆರಡು ಮೀಟರ್ ಅಷ್ಟೇ, ಆದರೆ ನಿಯಮ ಅದೇ. ಹೆಡ್‌ಲೈಟಿನ ದಾರಿಯಲ್ಲಿ ಎಲ್ಲೋ ಒಂದು ತುಕ್ಕು ಹಿಡಿದ ಜಾಯಿಂಟಿದೆ, ಅದರ ತಡೆ ಒಂದು ಓಮಿನ ಹತ್ತನೇ ಒಂದು ಪಾಲು ಎಂದುಕೊಳ್ಳೋಣ. 12 ವೋಲ್ಟ್, 35 ವ್ಯಾಟಿನ ಬಲ್ಬಿಗೆ ಅದರಿಂದ ಆಗುವ ವೋಲ್ಟೇಜ್ ನಷ್ಟ ನೂರಕ್ಕೆ ಎರಡೂವರೆಯೂ ಇಲ್ಲ. 6 ವೋಲ್ಟ್, 35 ವ್ಯಾಟಿನ ಬಲ್ಬಿಗೆ ಅದೇ ಜಾಯಿಂಟು ನೂರಕ್ಕೆ ಒಂಬತ್ತರಷ್ಟು ಕಸಿಯುತ್ತದೆ. ಬಲ್ಬಿನ ಬೆಳಕು ವೋಲ್ಟೇಜಿಗೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಹಾಗಾಗಿ ಹನ್ನೆರಡು ವೋಲ್ಟಿನ ಬೈಕಿನಲ್ಲಿ ಬೆಳಕು ನೂರರಲ್ಲಿ ಎಂಟರಷ್ಟು ತಗ್ಗಿದರೆ, ಆರು ವೋಲ್ಟಿನದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಅಂಥ ಜಾಯಿಂಟು ಎರಡಾದರೆ ಅರ್ಧಕ್ಕೆ ಹತ್ತಿರ. ಬ್ಯಾಟರಿ ಹೊಸದು, ಬಲ್ಬು ಹೊಸದು, ಡೈನಮೋ ಸರಿಯಾಗಿದೆ, ಆದರೂ ದಾರಿ ಕಾಣುವುದಿಲ್ಲ ಎಂಬ ಒಗಟಿಗೆ ಉತ್ತರ ಸಾಮಾನ್ಯವಾಗಿ ಇಲ್ಲಿದೆ.

ಈ ನಷ್ಟ ಎಲ್ಲಿ ಕೂತಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಬೈಕುಗಳಲ್ಲಿ ನಿಜಕ್ಕೂ ಡೊಂಕಾಗುತ್ತಿದ್ದದ್ದು ನೆಲವೇ, ಅಂದರೆ ಅರ್ಥ್. ಬ್ಯಾಟರಿಯ ಒಂದು ತುದಿ ಚಾಸಿಗೆ ಕಟ್ಟಿರುತ್ತದೆ. ಬಲ್ಬಿಗೆ ಹೋದ ಕರೆಂಟು ಹೆಡ್‌ಲೈಟ್ ಡೂಮಿನ ಲೋಹದ ಮೂಲಕ ಫೋರ್ಕಿಗೆ, ಫೋರ್ಕಿನಿಂದ ಚಾಸಿಗೆ ಮರಳಬೇಕು. ಫೋರ್ಕಿಗೂ ಚಾಸಿಗೂ ನಡುವೆ ಇರುವುದು ಹ್ಯಾಂಡಲ್ ತಿರುಗಿಸುವ ಕೋನ್‌ಸೆಟ್, ಅದರೊಳಗೆ ಗ್ರೀಸಿನಲ್ಲಿ ಮುಳುಗಿದ ಸಣ್ಣ ಉಕ್ಕಿನ ಗುಂಡುಗಳು. ಪ್ರತ್ಯೇಕ ಅರ್ಥ್ ವೈರು ಕಳಚಿಕೊಂಡಿದ್ದರೆ ನಾಲ್ಕರಿಂದ ಆರು ಆಂಪಿಯರ್ ಕರೆಂಟು ಆ ಗುಂಡುಗಳನ್ನೇ ಹಾದು ಬರಬೇಕಾಗುತ್ತದೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಲೈಟು ಉರಿಯುವುದು, ಬಲಕ್ಕೆ ತಿರುಗಿಸಿದರೆ ಮಂಕಾಗುವುದು ಎಂಬ ವಿಚಿತ್ರ ದೂರಿನ ಒಂದು ಮೂಲ ಇದು. ಇನ್ನೊಂದು, ಹ್ಯಾಂಡಲ್ಲಿನ ಬುಡದಲ್ಲಿ ಸಾವಿರಾರು ಬಾರಿ ಬಗ್ಗಿ, ಹೊರಗೆ ಪ್ಲಾಸ್ಟಿಕ್ ಸರಿಯಿದ್ದು ಒಳಗೆ ಎಳೆಗಳು ತುಂಡಾದ ವೈರು. ಬೈಕಿಗೆ ಹೊಸ ಪೇಂಟ್ ಹೊಡೆಸಿದ ಮೇಲೆ ಲೈಟು ಕೆಟ್ಟಿತು ಎಂಬ ದೂರಿನಲ್ಲೂ ಮೂಢನಂಬಿಕೆ ಏನಿಲ್ಲ. ಡೂಮಿನ ಬೋಲ್ಟಿನ ಕೆಳಗೆ, ಚಾಸಿಗೆ ಅರ್ಥ್ ಕೂರುವ ಜಾಗದಲ್ಲಿ ಪೇಂಟ್ ಮೆತ್ತಿದರೆ ಕರೆಂಟಿನ ದಾರಿಗೇ ಗೋಡೆ ಕಟ್ಟಿದಂತಾಯಿತು. ಬಲ್ಬ್ ಹೋಲ್ಡರಿನ ಸ್ಪ್ರಿಂಗ್ ಸಡಿಲವಾಗುವುದು, ಡಿಮ್-ಡಿಪ್ ಸ್ವಿಚ್ಚಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುವುದು, ಫ್ಯೂಸಿನ ಕ್ಲಿಪ್ಪು ಸುಟ್ಟು ಕಪ್ಪಾಗುವುದು ಇವೆಲ್ಲ ಆ ಮೇಲಿನವು.

ಡೈನಮೋದ ಕಡೆಯ ರೋಗಗಳಿಗೆ ಬೇರೆ ಲಕ್ಷಣಗಳಿದ್ದವು. ಕೀ ಹಾಕಿದಾಗ ಹೊತ್ತಿ, ಇಂಜಿನ್ ಓಡಿದ ಮೇಲೆ ಆರಬೇಕಾದ ಕೆಂಪು ಚಾರ್ಜಿಂಗ್ ದೀಪ ಆರದಿದ್ದರೆ ಕಾರ್ಬನ್ ಬ್ರಷ್ ಸವೆದಿದೆ, ಇಲ್ಲವೇ ಕಮ್ಯುಟೇಟರ್ ಮೇಲೆ ಎಣ್ಣೆ ಕೂತಿದೆ ಎಂದು ಮೊದಲ ಊಹೆ. ಟೂ-ಸ್ಟ್ರೋಕ್ ಇಂಜಿನ್ನಿನ ಕ್ರ್ಯಾಂಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಇರುವುದರಿಂದ ಆ ಬದಿಯ ಸೀಲು ಹೋದರೆ ಎಣ್ಣೆ ನೇರವಾಗಿ ಡೈನಮೋದ ಮೇಲೆ. ಕ್ರ್ಯಾಂಕಿನ ಬೇರಿಂಗು ಸವೆದರೆ ಆರ್ಮೇಚರ್ ಓಲಾಡುತ್ತದೆ, ಪಾಯಿಂಟಿನ ಗ್ಯಾಪೂ ನಿಲ್ಲುವುದಿಲ್ಲ. ಅಂದರೆ ಲೈಟಿನ ದೋಷದ ಬೇರು ಇಂಜಿನ್ನಿನ ಹೊಟ್ಟೆಯಲ್ಲಿರುತ್ತದೆ. ಎಕ್ಸಲರೇಟರ್ ಕೊಟ್ಟರೆ ಬೆಳಕು ಕಣ್ಣು ಕುಕ್ಕುವಂತೆ ಏರಿ, ಬಲ್ಬುಗಳು ಒಂದರ ಹಿಂದೆ ಒಂದು ಸುಟ್ಟುಹೋಗುತ್ತಿದ್ದರೆ ಬಲ್ಬನ್ನು ಬೈದು ಫಲವಿಲ್ಲ. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿರಬೇಕು, ಅಥವಾ ಮೆಕ್ಯಾನಿಕ್‌ಗಳು ಕಟೌಟ್ ಎಂದು ಕರೆಯುವ ರೆಗ್ಯುಲೇಟರಿನ ಪಾಯಿಂಟುಗಳು ಅಂಟಿಕೊಂಡಿರಬೇಕು. ಬ್ಯಾಟರಿ ಕರೆಂಟಿನ ಏರಿಳಿತವನ್ನೂ ನುಂಗಿಕೊಳ್ಳುತ್ತದೆ. ಅದು ಕಳಚಿಕೊಂಡರೆ ಹೆಚ್ಚಾದದ್ದೆಲ್ಲ ಬಲ್ಬಿಗೆ ಹೋಗುತ್ತದೆ.

ಇಷ್ಟು ದೋಷಗಳು ಒಂದೇ ಲಕ್ಷಣದ ಹಿಂದೆ ಅಡಗಿರುವಾಗ ಪತ್ತೆ ಹಚ್ಚುವುದೇ ಒಂದು ವಿದ್ಯೆಯಾಯಿತು. ಆ ವಿದ್ಯೆಯ ಮುಖ್ಯ ಉಪಕರಣ ಟೆಸ್ಟ್ ಲ್ಯಾಂಪ್: ಒಂದು ಬಲ್ಬು, ಎರಡು ವೈರು, ಒಂದು ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಮೊಳೆ. ಮೀಟರ್ ಇಲ್ಲದ ಬಡತನದ ಉಪಾಯ ಎಂದು ಇದನ್ನು ಕಡೆಗಣಿಸುವುದುಂಟು. ಆದರೆ ಜಾಯಿಂಟಿನ ತಡೆ ಹುಡುಕುವ ಕೆಲಸದಲ್ಲಿ ಈ ಬಲ್ಬು ಬರೀ ಮೀಟರಿಗಿಂತ ನಂಬಿಕಸ್ಥ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾದ ವೈರಿನ ತುದಿಗೆ, ಲೈಟು ಆಫ್ ಇರುವಾಗ, ಮೀಟರ್ ಇಟ್ಟರೆ ಅದು ಪೂರ್ತಿ ಆರು ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ಮೀಟರ್ ಹೀರುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಒಂದು ಎಳೆಯೇ ಅದಕ್ಕೆ ಸಾಕು. ಬಲ್ಬು ಹಾಗಲ್ಲ, ಅದು ಆಂಪಿಯರ್‌ಗಟ್ಟಲೆ ಕೇಳುತ್ತದೆ, ಸಿಗದಿದ್ದರೆ ಮಂಕಾಗಿ ಉರಿದು ದೋಷವನ್ನು ಕಣ್ಣಿಗೇ ತೋರಿಸುತ್ತದೆ. ಮೀಟರನ್ನು ಸರಿಯಾಗಿ ಬಳಸುವ ದಾರಿಯೂ ಇದೇ ತತ್ವದ ಮೇಲೆ ನಿಂತಿದೆ. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದು ಡೂಮಿನ ಲೋಹಕ್ಕೆ ಮುಟ್ಟಿಸಬೇಕು. ಸೊನ್ನೆಗೆ ಹತ್ತಿರ ಬಂದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ತೋರಿಸಿತೆಂದರೆ ಆ ಅರ್ಧ ವೋಲ್ಟ್ ಬಲ್ಬಿಗೆ ಸೇರಬೇಕಾದದ್ದು. ಇನ್ನೂ ಸುಲಭದ ಪರೀಕ್ಷೆ ಬ್ಯಾಟರಿಯ ಅರ್ಥ್ ತುದಿಯಿಂದ ಡೂಮಿಗೆ ತಾತ್ಕಾಲಿಕವಾಗಿ ಒಂದು ದಪ್ಪ ವೈರು ಎಳೆಯುವುದು. ಬೆಳಕು ತಟ್ಟನೆ ಏರಿದರೆ ಆಪಾದಿತ ಸಿಕ್ಕಿಬಿದ್ದ.

ದಾರಿ ಗುರುತಿಸುವುದರಲ್ಲೂ ಎರಡು ಪದ್ಧತಿಗಳು ನಮ್ಮ ವರ್ಕ್‌ಷಾಪುಗಳಲ್ಲಿ ಸಂಧಿಸಿದವು. ಬ್ರಿಟಿಷ್ ಬೈಕುಗಳ ಪದ್ಧತಿ ಬಣ್ಣದ್ದು: ಬ್ಯಾಟರಿಯಿಂದ ಬರುವುದು ಕಂದು, ಇಗ್ನಿಷನ್ ಬಿಳಿ, ಹೆಡ್‌ಲೈಟು ನೀಲಿ, ನೀಲಿಯ ಮೇಲೆ ಬಿಳಿ ಗೆರೆಯಿದ್ದರೆ ಮೇನ್ ಬೀಮ್, ಕೆಂಪು ಗೆರೆಯಿದ್ದರೆ ಡಿಮ್. ಜಾವಾ ತಂದದ್ದು ಮಧ್ಯ ಯೂರೋಪಿನ ಅಂಕಿಗಳ ಪದ್ಧತಿ: 30 ಎಂದರೆ ಬ್ಯಾಟರಿ, 31 ಅರ್ಥ್, 15/54 ಇಗ್ನಿಷನ್, 56 ಹೆಡ್‌ಲೈಟ್, 61 ಚಾರ್ಜಿಂಗ್ ದೀಪ. ಅಂಕಿಗಳನ್ನು ಸ್ವಿಚ್ಚಿನ ಬುಡದಲ್ಲೇ ಅಚ್ಚೊತ್ತಿರುತ್ತಿದ್ದುದರಿಂದ ವೈರಿನ ಬಣ್ಣ ಮಾಸಿದರೂ ದಾರಿ ತಪ್ಪುತ್ತಿರಲಿಲ್ಲ. ಆದರೆ ಒಮ್ಮೆ ಬೀದಿಬದಿಯಲ್ಲಿ ವೈರಿಂಗ್ ಬದಲಾಯಿತೆಂದರೆ ಬಣ್ಣವೂ ಹೋಯಿತು, ಅಂಕಿಯೂ ಅರ್ಥ ಕಳೆದುಕೊಂಡಿತು. ಕೈಗೆ ಸಿಕ್ಕ ಒಂದೇ ಬಣ್ಣದ ವೈರಿನಲ್ಲಿ ಇಡೀ ಬೈಕು, ಜಾಯಿಂಟಿಗೆ ಬೆಸುಗೆಯ ಬದಲು ಹೊಸೆದು ಸುತ್ತಿದ ಟೇಪು, ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ದೋಷ ಎಲ್ಲಿದೆ ಎಂದು ಹುಡುಕದೆ ಬ್ಯಾಟರಿಯಿಂದ ‘ಡೈರೆಕ್ಟ್’ ಕೊಟ್ಟು ಕಳಿಸುವ ಅಭ್ಯಾಸ ಆ ದಿನದ ಗಿರಾಕಿಗೆ ಬೆಳಕು ಕೊಟ್ಟಿತು, ಮುಂದಿನ ಎಲೆಕ್ಟ್ರಿಷಿಯನ್ನನಿಗೆ ಕತ್ತಲೆ ಕೊಟ್ಟಿತು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಎದುರಿಸಬೇಕು. ಬಿಡಿಭಾಗ ತಯಾರಿಸಿದವರ ಹೊಣೆಯೇ ಇಲ್ಲವೆ? ಬ್ರಿಟನ್ನಿನಲ್ಲಿ ಲ್ಯೂಕಾಸ್ ಕಂಪನಿಯ ಸ್ಥಾಪಕನಿಗೆ ಕತ್ತಲೆಯ ರಾಜಕುಮಾರ ಎಂಬ ಪಟ್ಟ ಕಟ್ಟಿ ನಗುವುದು ಬಹುಕಾಲದಿಂದ ನಡೆದುಬಂದಿದೆ. ಗುಣಮಟ್ಟದಲ್ಲಿ ಏರುಪೇರು ಇದ್ದದ್ದು ಒಪ್ಪತಕ್ಕ ಮಾತೇ. ಆದರೆ ದೋಷವೆಲ್ಲ ಒಂದು ಕಂಪನಿಯದಾಗಿದ್ದರೆ ಅದೇ ದೂರು ಚೆಕ್ ಮೂಲದ ಬಿಡಿಭಾಗಗಳಿದ್ದ ಬೈಕುಗಳ ಮೇಲೆ ಏಕೆ ಬರಬೇಕಿತ್ತು? ಬೇರೆ ದೇಶ, ಬೇರೆ ಕಾರ್ಖಾನೆ, ಬೇರೆ ವಿನ್ಯಾಸ. ಇವಕ್ಕೆ ಸಮಾನವಾಗಿದ್ದದ್ದು ಆರು ವೋಲ್ಟು ಮತ್ತು ಚಾಸಿಯ ಮೂಲಕ ಮರಳುವ ಕರೆಂಟು. 1960ರ ದಶಕದಲ್ಲಿ ಬ್ರಿಟಿಷ್ ಬೈಕುಗಳು ಹನ್ನೆರಡು ವೋಲ್ಟಿಗೆ ಹೋದಾಗ ಅದೇ ಲ್ಯೂಕಾಸ್ ಹೆಸರಿನ ಬಿಡಿಭಾಗಗಳಿಂದಲೇ ಬೆಳಕು ಸುಧಾರಿಸಿತು ಎಂಬುದೂ ಇದಕ್ಕೆ ಪೂರಕ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತ. ಹನ್ನೆರಡು ವೋಲ್ಟಿನಿಂದ ಸಮಸ್ಯೆ ನೀಗುವುದಾದರೆ ಆರನ್ನು ಅಷ್ಟು ಕಾಲ ಹಿಡಿದುಕೊಂಡದ್ದೇ ತಪ್ಪಲ್ಲವೆ? ಮೈಸೂರಿನ ಕಾರ್ಖಾನೆ ಬಹುಕಾಲ ಆರು ವೋಲ್ಟಿನಲ್ಲೇ ಉಳಿಯಿತು; ಹೊರಗಿನ ಜಗತ್ತು ಆಲ್ಟರ್ನೇಟರಿಗೆ, ಎಲೆಕ್ಟ್ರಾನಿಕ್ ರೆಗ್ಯುಲೇಟರಿಗೆ ಹೋದ ಮೇಲೂ ಅದು ತಡಮಾಡಿತು. ಆ ತಡವನ್ನು ಸಮರ್ಥಿಸಲಾಗದು. ಪೈಪೋಟಿ ಕಡಿಮೆಯಿದ್ದ, ಬೈಕಿಗಾಗಿ ಜನರೇ ಕಾಯುತ್ತಿದ್ದ ಪರ್ಮಿಟ್ ಕಾಲದಲ್ಲಿ ಬದಲಾವಣೆಗೆ ಒತ್ತಡ ಇರಲಿಲ್ಲ. ಆದರೂ ಆರಿಸಿಕೊಂಡದ್ದು ತಪ್ಪು ಎನ್ನುವುದಕ್ಕೂ ಬದಲಾಯಿಸಲು ತಡಮಾಡಿದ್ದು ತಪ್ಪು ಎನ್ನುವುದಕ್ಕೂ ಅಂತರವಿದೆ. ಇಂದು ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಯೆಜ್ಡಿಗಳನ್ನು ಹನ್ನೆರಡು ವೋಲ್ಟಿಗೆ ಮಾರ್ಪಡಿಸಿಕೊಳ್ಳುವವರು ಇದ್ದಾರೆ. ಮಾರ್ಪಾಟು ನಷ್ಟವನ್ನು ಕಾಲು ಭಾಗಕ್ಕೆ ಇಳಿಸುತ್ತದೆ ನಿಜ. ಕಿಲುಬು ಹಿಡಿದ ಅರ್ಥನ್ನು ಹಾಗೇ ಬಿಟ್ಟು ಮಾರ್ಪಡಿಸಿದರೆ ದೋಷ ಹೋಗುವುದಿಲ್ಲ, ಕಾಣಿಸಿಕೊಳ್ಳುವುದು ತಡವಾಗುತ್ತದೆ ಅಷ್ಟೇ. ಆರು ವೋಲ್ಟಿನಲ್ಲೇ ಉಳಿಸಿಕೊಂಡು, ಡೂಮಿನಿಂದ ಬ್ಯಾಟರಿಗೆ ದಪ್ಪನೆಯ ಅರ್ಥ್ ವೈರು ಎಳೆದು, ಜಾಯಿಂಟುಗಳನ್ನು ಉಜ್ಜಿ ಬೆಸೆದು, ಲೆಕ್ಕಕ್ಕೆ ಹೊಂದುವ ಬಲ್ಬು ಹಾಕಿದ ಬೈಕು ಕಾರ್ಖಾನೆ ಉದ್ದೇಶಿಸಿದ್ದ ಬೆಳಕನ್ನು ಮತ್ತೆ ಕೊಡುತ್ತದೆ. ಅದು ಇಂದಿನ ಬೈಕಿನ ಬೆಳಕಿಗೆ ಸಮನಲ್ಲ, ಆದರೆ ಗಾದೆಯಾಗಿಬಿಟ್ಟಿರುವ ಮಿಣುಕು ದೀಪವೂ ಅಲ್ಲ.

ಮೋಟಾರು ವಾಹನ ನಿಯಮ ಆಗ ಸವಾರನಿಂದ ಕೇಳುತ್ತಿದ್ದದ್ದು ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ ದೀಪ ಉರಿಯಬೇಕೆಂದು. ದೇಶದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಇಂಜಿನ್ ಓಡುವಷ್ಟು ಹೊತ್ತೂ ಉರಿಯಲೇಬೇಕು, ಅದನ್ನು ಆರಿಸುವ ಸ್ವಿಚ್ಚೇ ಇಲ್ಲ. 45 ವ್ಯಾಟಿನ ಡೈನಮೋಗೆ ಇಂಥ ನಿಯಮ ಹಾಕಿದ್ದರೆ ಊರೊಳಗಿನ ಓಡಾಟದಲ್ಲಿ ಬ್ಯಾಟರಿಗೆ ಕೂಡಿಡುವ ಹೊತ್ತೇ ಸಿಗುತ್ತಿರಲಿಲ್ಲ. ಬೆಳಕು ಈಗ ಧಾರಾಳವಾಗಿ ಸಿಗುವುದರಿಂದ ಸವಾರನಿಗೆ ಅದರ ಹಿಂದಿನ ಲೆಕ್ಕ ತಿಳಿಯಬೇಕಾದ ಅಗತ್ಯವೂ ಉಳಿದಿಲ್ಲ, ಟೆಸ್ಟ್ ಲ್ಯಾಂಪ್ ಹಿಡಿದವನಿಗೆ ಕೆಲಸವೂ ಕಡಿಮೆಯಾಗಿದೆ. ಹಳೆಯ ಬೈಕುಗಳನ್ನು ಉಳಿಸಿಕೊಂಡವರು ಪೇಂಟ್, ಕ್ರೋಮ್, ಲಾಂಛನಗಳಿಗೆ ತೋರಿಸುವ ನಿಷ್ಠೆಯನ್ನು ವೈರಿಂಗಿಗೂ ತೋರಿಸಬೇಕು ಎಂದು ಕೇಳುವುದು ಆದ್ದರಿಂದ ಅತಿಯಲ್ಲ. ಅಚ್ಚೊತ್ತಿದ ಅಂಕಿಗಳಂತೆಯೇ ವೈರು ಸೇರಿಸಿ, ಅರ್ಥ್ ಗಟ್ಟಿಯಾಗಿ ಕೂರಿಸಿದ ಒಂದು ಬೈಕು, ಆ ಕಾಲದ ಎಂಜಿನಿಯರಿಂಗನ್ನು ಅದರ ನಿಜವಾದ ಅಳತೆಯಲ್ಲಿ ತೂಗಲು ನಮಗಿರುವ ಸಾಕ್ಷ್ಯ. ತುಕ್ಕು ಹಿಡಿದ ಜಾಯಿಂಟಿನ ಆಧಾರದ ಮೇಲೆ ಒಂದು ಕಾರ್ಖಾನೆಯ ಮೇಲೆ ತೀರ್ಪು ಕೊಡುವುದಕ್ಕಿಂತ ಮೊದಲು ಆ ಸಾಕ್ಷ್ಯವನ್ನು ಸರಿಪಡಿಸಿಕೊಂಡು ನೋಡುವುದು ನ್ಯಾಯ.